ಗರ್ಭಿಣಿಯ ಚರ್ಮ: ಸಹಜ ಬದಲಾವಣೆಗಳು ಮತ್ತು ಅವುಗಳ ಕಾರಣ

ಹೆಣ್ಣು ಗರ್ಭ ಧರಿಸಿದಾಗ ಬದಲಾವಣೆಗೊಳಗಾಗುವುದು ಗರ್ಭಕೋಶವೊಂದೇ ಅಲ್ಲ. ಹೃದಯ ಹೆಚ್ಚು ರಕ್ತವನ್ನು ಪಂಪು ಮಾಡತೊಡಗುತ್ತದೆ. ಮೂತ್ರಪಿಂಡಗಳ ಕೆಲಸ ಹೆಚ್ಚುತ್ತದೆ. ಉಸಿರಾಟದ ಕ್ರಮ ಬದಲಾಗುತ್ತದೆ. ಇವೆಲ್ಲ ದೇಹದ ಒಳಗೆ ನಡೆಯುವ ಸಂಗತಿಗಳಾದ್ದರಿಂದ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಇದೇ ಅವಧಿಯಲ್ಲಿ ಚರ್ಮದಲ್ಲಿ ಆಗುವ ಬದಲಾವಣೆಗಳು ಎಲ್ಲರಿಗೂ ಕಾಣುತ್ತವೆ. ಕೆನ್ನೆಯ ಮೇಲೆ ಕಂದು ಮಚ್ಚೆ, ಹೊಟ್ಟೆಯ ನಡುವೆ ಕಪ್ಪು ಗೆರೆ, ತೊಡೆಯ ಮೇಲೆ ಕೆಂಪು ಬರೆಗಳು, ಹೆರಿಗೆಯ ನಂತರ ಬಾಚಣಿಗೆಯ ತುಂಬ ಕೂದಲು - ಇವುಗಳ ಬಗ್ಗೆ ಮನೆಯವರು, ನೆರೆಯವರು ಎಲ್ಲರೂ ಒಂದೊಂದು ಮಾತು ಹೇಳುತ್ತಾರೆ, ಒಂದೊಂದು ಔಷಧವನ್ನೂ ಸೂಚಿಸುತ್ತಾರೆ.

ಇಲ್ಲಿ ಎರಡು ಬಗೆಯ ತಪ್ಪುಗಳಿಗೆ ಅವಕಾಶವಿದೆ. ಸಹಜವಾದುದನ್ನು ರೋಗವೆಂದು ಭಾವಿಸಿ, ಅಂಗಡಿಯಲ್ಲಿ ಸಿಕ್ಕಿದ ಲೇಪನ ಹಚ್ಚಿ ತಾಯಿಗೂ ಮಗುವಿಗೂ ಕೇಡು ತಂದುಕೊಳ್ಳುವುದು ಒಂದು. ರೋಗದ ಸೂಚನೆಯಾದುದನ್ನು 'ಬಸುರಿಯರಿಗೆ ಇದೆಲ್ಲ ಇದ್ದದ್ದೇ' ಎಂದು ಕಡೆಗಣಿಸುವುದು ಇನ್ನೊಂದು. ಯಾವುದು ಸಹಜ, ಅದು ಏಕೆ ಆಗುತ್ತದೆ ಎಂದು ತಿಳಿದಿದ್ದರೆ ಈ ಎರಡೂ ತಪ್ಪುಗಳಿಂದ ದೂರವಿರಬಹುದು.

ಚರ್ಮದ ರಚನೆ

ಚರ್ಮ ನಮ್ಮ ದೇಹದ ಅತಿ ದೊಡ್ಡ ಅಂಗಗಳಲ್ಲಿ ಒಂದು. ವಯಸ್ಕರಲ್ಲಿ ಅದರ ವಿಸ್ತೀರ್ಣ ಸುಮಾರು 1.5ರಿಂದ 2 ಚದರ ಮೀಟರು. ಇದರಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನದು ಹೊರಚರ್ಮ. ಇದರ ಬಹುಪಾಲು ಜೀವಕೋಶಗಳು ಕೆರಾಟಿನ್ ಎಂಬ ಪ್ರೋಟೀನನ್ನು ತಯಾರಿಸುವ ಕೆರಾಟಿನೊಸೈಟ್‌ಗಳು. ಹೊರಚರ್ಮದ ತಳದಲ್ಲಿ, ಅಲ್ಲೊಂದು ಇಲ್ಲೊಂದು, ಮೆಲನೊಸೈಟ್‌ಗಳೆಂಬ ವರ್ಣಕೋಶಗಳಿವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಇವುಗಳಲ್ಲಿ. ಒಂದೊಂದು ವರ್ಣಕೋಶವೂ ತನ್ನ ಕವಲುಗಳ ಮೂಲಕ ಸುತ್ತಲಿನ ಸುಮಾರು 36 ಕೆರಾಟಿನೊಸೈಟ್‌ಗಳಿಗೆ ಮೆಲನಿನ್ ಕಣಗಳನ್ನು ಹಂಚುತ್ತದೆ.

ಹೊರಚರ್ಮದ ಕೆಳಗಿರುವುದು ಒಳಚರ್ಮ. ಇಲ್ಲಿ ಗಟ್ಟಿತನ ಕೊಡುವ ಕೊಲಾಜೆನ್ ನಾರುಗಳೂ, ಎಳೆದು ಬಿಟ್ಟಾಗ ಮೊದಲಿನಂತಾಗಲು ನೆರವಾಗುವ ಎಲಾಸ್ಟಿನ್ ನಾರುಗಳೂ ಹೆಣೆದುಕೊಂಡಿವೆ. ರಕ್ತನಾಳಗಳು, ನರಗಳು, ಬೆವರಿನ ಗ್ರಂಥಿಗಳು, ಜಿಡ್ಡಿನ ಗ್ರಂಥಿಗಳು, ಕೂದಲಿನ ಬುಡಗಳು ಇರುವುದೂ ಇದೇ ಪದರದಲ್ಲಿ. ಗರ್ಭಾವಸ್ಥೆಯಲ್ಲಿ ಇವುಗಳಲ್ಲಿ ಪ್ರತಿಯೊಂದೂ ಅಷ್ಟಿಷ್ಟು ಬದಲಾಗುತ್ತದೆ.

ಹಾರ್ಮೋನುಗಳ ಪಾತ್ರ

ಗರ್ಭ ನಿಂತ ಮೊದಲ ಕೆಲವು ವಾರ ಅಂಡಾಶಯದಲ್ಲಿರುವ ಕಾರ್ಪಸ್ ಲೂಟಿಯಮ್ ಎಂಬ ರಚನೆ ಪ್ರೊಜೆಸ್ಟೆರಾನ್ ಹಾರ್ಮೋನನ್ನು ಒದಗಿಸುತ್ತದೆ. ಸುಮಾರು 7ರಿಂದ 9ನೆಯ ವಾರದ ಹೊತ್ತಿಗೆ ಈ ಹೊಣೆಯನ್ನು ಮಾಸು, ಅಂದರೆ ಜರಾಯು, ವಹಿಸಿಕೊಳ್ಳುತ್ತದೆ. ಅಲ್ಲಿಂದ ಹೆರಿಗೆಯವರೆಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್‌ಗಳ ಪ್ರಮಾಣ ಏರುತ್ತಲೇ ಹೋಗುತ್ತದೆ. ಜೊತೆಗೆ ವರ್ಣಕೋಶಗಳನ್ನು ಪ್ರಚೋದಿಸುವ ಎಂ.ಎಸ್.ಎಚ್. ಹಾರ್ಮೋನು, ಕಾರ್ಟಿಸಾಲ್ ಮುಂತಾದವುಗಳ ಮಟ್ಟವೂ ಹೆಚ್ಚುತ್ತದೆ.

ಹಾರ್ಮೋನು ರಕ್ತದಲ್ಲಿ ಸೇರಿ ಇಡೀ ದೇಹವನ್ನು ಸುತ್ತುತ್ತದೆ. ಅದನ್ನು ಗುರುತಿಸುವ ಗ್ರಾಹಕಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಅದರ ಪರಿಣಾಮ ಆಗುತ್ತದೆ. ಗರ್ಭಕೋಶಕ್ಕೆಂದು ಹುಟ್ಟಿದ ಸಂದೇಶ ಚರ್ಮಕ್ಕೂ ತಲುಪುವುದು ಹೀಗೆ. ಹೆರಿಗೆಯಾಗಿ ಮಾಸು ಹೊರಬಿದ್ದ ಕೂಡಲೇ ಈ ಹಾರ್ಮೋನುಗಳ ಮುಖ್ಯ ಮೂಲವೇ ಇಲ್ಲವಾಗುತ್ತದೆ. ಚರ್ಮದ ಬಹುತೇಕ ಬದಲಾವಣೆಗಳು ಬಾಣಂತನದ ನಂತರ ತಾವಾಗಿಯೇ ಕಡಿಮೆಯಾಗುವುದಕ್ಕೆ ಇದೇ ಕಾರಣ.

ಬಣ್ಣ ಗಾಢವಾಗುವುದು

ಗರ್ಭಿಣಿಯರಲ್ಲಿ ಅತಿ ಸಾಮಾನ್ಯವಾದ ಚರ್ಮದ ಬದಲಾವಣೆ ಎಂದರೆ ಬಣ್ಣ ಕಪ್ಪೇರುವುದು. ಸುಮಾರು ಶೇ. 90ರಷ್ಟು ಗರ್ಭಿಣಿಯರಲ್ಲಿ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಕಂಡುಬರುತ್ತದೆ. ಮೊಲೆತೊಟ್ಟು ಮತ್ತು ಅದರ ಸುತ್ತಲಿನ ವಲಯ, ಕಂಕುಳು, ತೊಡೆಯ ಒಳಭಾಗ, ಜನನಾಂಗದ ಸುತ್ತಲಿನ ಚರ್ಮ - ಹೀಗೆ ಮೊದಲೇ ಸ್ವಲ್ಪ ಕಪ್ಪಗಿರುವ ಭಾಗಗಳು ಮತ್ತಷ್ಟು ಕಪ್ಪಾಗುತ್ತವೆ. ಹಳೆಯ ಮಚ್ಚೆ, ಗಾಯದ ಕಲೆಗಳೂ ಗಾಢವಾಗಬಹುದು.

ಹೊಟ್ಟೆಯ ನಡುವಿನ ಗೆರೆ ಇದಕ್ಕೆ ಒಳ್ಳೆಯ ಉದಾಹರಣೆ. ಎಡಬಲಗಳ ಸ್ನಾಯುಗಳ ಹೊದಿಕೆ ಬಂದು ಸೇರುವ ಕಡೆ ಎಲ್ಲರಿಗೂ ಮೇಲಿನಿಂದ ಕೆಳಕ್ಕೆ ಒಂದು ಮಸುಕಾದ ಗೆರೆ ಇರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ 'ಬಿಳಿ ಗೆರೆ' ಎಂಬ ಅರ್ಥದ ಲಿನಿಯ ಆಲ್ಬ ಎಂಬ ಹೆಸರಿದೆ. ಗರ್ಭಿಣಿಯಲ್ಲಿ ಇದು ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದಾಗ 'ಕಪ್ಪು ಗೆರೆ', ಅಂದರೆ ಲಿನಿಯ ನೈಗ್ರ ಎನಿಸಿಕೊಳ್ಳುತ್ತದೆ. ಕೆಲವರಲ್ಲಿ ಇದು ಕಿಬ್ಬೊಟ್ಟೆಯಿಂದ ಹೊಕ್ಕುಳಿನವರೆಗೆ, ಕೆಲವರಲ್ಲಿ ಎದೆಮೂಳೆಯ ತುದಿಯವರೆಗೂ ಇರುತ್ತದೆ. ಗೆರೆ ಹೊಸದಾಗಿ ಹುಟ್ಟಿದ್ದಲ್ಲ, ಇದ್ದದ್ದೇ ಬಣ್ಣ ಪಡೆದದ್ದು.

ಬಣ್ಣ ಗಾಢವಾಗುವ ಕ್ರಮವನ್ನು ಹೀಗೆ ವಿವರಿಸಬಹುದು. ವರ್ಣಕೋಶದಲ್ಲಿ ಟೈರೊಸಿನ್ ಎಂಬ ಅಮೈನೊ ಆಮ್ಲ ಹಲವು ಹಂತಗಳಲ್ಲಿ ಮೆಲನಿನ್ ಆಗಿ ಬದಲಾಗುತ್ತದೆ. ಇದರ ಮೊದಲ ಹಂತಗಳನ್ನು ನಡೆಸುವುದು ಟೈರೊಸಿನೇಸ್ ಎಂಬ, ತಾಮ್ರವನ್ನು ಒಳಗೊಂಡ ಕಿಣ್ವ. ಎಂ.ಎಸ್.ಎಚ್. ಮತ್ತು ಈಸ್ಟ್ರೊಜೆನ್‌ಗಳು ವರ್ಣಕೋಶದೊಳಗೆ ಈ ಕಿಣ್ವದ ಚಟುವಟಿಕೆಯನ್ನು ಹೆಚ್ಚಿಸುತ್ತವೆ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು ವರ್ಣಕೋಶದ ಹೊರಪೊರೆಯ ಮೇಲೆ ಈಸ್ಟ್ರೊಜೆನ್‌ಗೂ ಪ್ರೊಜೆಸ್ಟೆರಾನ್‌ಗೂ ಬೇರೆ ಬೇರೆ ಗ್ರಾಹಕಗಳಿರುವುದನ್ನು ತೋರಿಸಿದರು. ಅವರ ಪ್ರಯೋಗಗಳಲ್ಲಿ ಈಸ್ಟ್ರೊಜೆನ್ ಮೆಲನಿನ್ ಉತ್ಪಾದನೆಯನ್ನು ಹೆಚ್ಚಿಸಿದರೆ ಪ್ರೊಜೆಸ್ಟೆರಾನ್ ಅದನ್ನು ತಗ್ಗಿಸಿತು. ಅಂದರೆ ಗರ್ಭಿಣಿಯ ಚರ್ಮದ ಬಣ್ಣ ಒಂದೇ ಹಾರ್ಮೋನಿನ ಕೆಲಸವಲ್ಲ. ಹಲವು ಸಂದೇಶಗಳ ಒಟ್ಟು ಫಲ.

ಮುಖದ ಮೇಲಿನ ಬಂಗು

ಹಣೆ, ಕೆನ್ನೆ, ಮೂಗು, ಮೇಲ್ದುಟಿ, ಗಲ್ಲಗಳ ಮೇಲೆ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ರೀತಿ ಹರಡುವ ಕಂದು ಬಣ್ಣದ ಪಟ್ಟೆಗಳಿಗೆ ನಮ್ಮಲ್ಲಿ ಬಂಗು ಎನ್ನುತ್ತಾರೆ. ವೈದ್ಯರ ಭಾಷೆಯಲ್ಲಿ ಇದು ಮೆಲಾಸ್ಮ. ಗರ್ಭಿಣಿಯರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಇದಕ್ಕೆ 'ಗರ್ಭಾವಸ್ಥೆಯ ಮುಖವಾಡ' ಎಂಬ ಹೆಸರೂ ಇದೆ. ಗರ್ಭನಿರೋಧಕ ಮಾತ್ರೆ ಸೇವಿಸುವ ಕೆಲವರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ಹಾರ್ಮೋನುಗಳಿಗೂ ಬಂಗಿಗೂ ಸಂಬಂಧವಿದೆ ಎನ್ನುವುದಕ್ಕೆ ಇದೊಂದು ಸಾಕ್ಷ್ಯ.

ಆದರೆ ಹಾರ್ಮೋನು ಒಂದರಿಂದಲೇ ಬಂಗು ಬರುವುದಿಲ್ಲ. ಆನುವಂಶಿಕತೆ ಮತ್ತು ಬಿಸಿಲು ಇನ್ನೆರಡು ಕಾರಣಗಳು. ಬಿಸಿಲಿನ ನೇರಳಾತೀತ ಕಿರಣಗಳಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ, ಮುಖ್ಯವಾಗಿ ಕಂದು ಮೈಬಣ್ಣದವರಲ್ಲಿ, ವರ್ಣಕೋಶಗಳನ್ನು ಪ್ರಚೋದಿಸುತ್ತದೆ. ಬಿಸಿಲಿನ ಪಾತ್ರವನ್ನು ತೋರಿಸುವ ಒಂದು ಅಧ್ಯಯನ ಮೊರಾಕೊ ದೇಶದಲ್ಲಿ ನಡೆದು 2007ರಲ್ಲಿ ಪ್ರಕಟವಾಯಿತು. ಬಿಸಿಲು ತಡೆಯುವ ಲೇಪನವನ್ನು ಕ್ರಮವಾಗಿ ಬಳಸಿದ 185 ಗರ್ಭಿಣಿಯರಲ್ಲಿ ಹೊಸದಾಗಿ ಬಂಗು ಕಾಣಿಸಿಕೊಂಡದ್ದು ಕೇವಲ 5 ಮಂದಿಯಲ್ಲಿ, ಅಂದರೆ ಶೇ. 2.7ರಷ್ಟು. ಅಂಥದೇ ಸಂದರ್ಭದಲ್ಲಿ ಹಿಂದೆ ನಡೆದಿದ್ದ ಅಧ್ಯಯನದಲ್ಲಿ ಈ ಪ್ರಮಾಣ ಶೇ. 53ರಷ್ಟಿತ್ತು. ಎರಡೂ ಗುಂಪುಗಳನ್ನು ಏಕಕಾಲದಲ್ಲಿ ಹೋಲಿಸಿಲ್ಲವಾದರೂ ವ್ಯತ್ಯಾಸ ದೊಡ್ಡದು.

ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಬಿಸಿಲಿಗೆ ಮೈಯೊಡ್ಡುವ ಹೆಣ್ಣುಮಕ್ಕಳಿಗೆ ದುಬಾರಿ ಲೇಪನ ಕೊಳ್ಳುವುದು ಸಾಧ್ಯವಾಗದಿರಬಹುದು. ಕೊಡೆ, ಅಗಲ ಅಂಚಿನ ಟೋಪಿ, ತಲೆಯ ಮೇಲಿಂದ ಮುಂದಕ್ಕೆಳೆದ ಸೆರಗು, ನಡುಹಗಲಿನ ಬಿಸಿಲಿನಲ್ಲಿ ನೆರಳಿನ ಕೆಲಸ - ಇವೂ ಒಳ್ಳೆಯ ರಕ್ಷಣೆಯೇ. ಹೆರಿಗೆಯಾದ ನಂತರ ಕೆಲವು ತಿಂಗಳಲ್ಲಿ ಬಹುಪಾಲು ಮಂದಿಯಲ್ಲಿ ಬಂಗು ತಿಳಿಯಾಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಳ್ಳುತ್ತದೆ, ಮುಂದಿನ ಬಸಿರಿನಲ್ಲಿ ಮರಳಿ ಬರುವುದೂ ಉಂಟು.

ಬಿಳಿ ಮಾಡುವ ಲೇಪನಗಳ ಅಪಾಯ

ಬಂಗಿನಿಂದ ತಾಯಿಯ ಆರೋಗ್ಯಕ್ಕಾಗಲಿ ಮಗುವಿಗಾಗಲಿ ಏನೂ ಹಾನಿಯಿಲ್ಲ. ಹಾನಿ ಬರುವುದು ಅದನ್ನು ಹೋಗಲಾಡಿಸುವ ಆತುರದಿಂದ. ಮೂರು ಬಗೆಯ ಪದಾರ್ಥಗಳ ಬಗ್ಗೆ ಎಚ್ಚರ ಬೇಕು.

ಮೊದಲನೆಯದು ಹೈಡ್ರೊಕ್ವಿನೋನ್. ಇದು ಟೈರೊಸಿನೇಸ್ ಕಿಣ್ವವನ್ನು ತಡೆಯುತ್ತದೆ. ಚರ್ಮದ ಮೇಲೆ ಹಚ್ಚಿದ್ದರಲ್ಲಿ ಶೇ. 35ರಿಂದ 45ರಷ್ಟು ದೇಹದೊಳಕ್ಕೆ ಹೀರಲ್ಪಡುವುದರಿಂದ ಗರ್ಭಿಣಿಯರು ಇದನ್ನು ಬಳಸದಿರುವುದು ಒಳ್ಳೆಯದೆಂದು ವೈದ್ಯರು ಸಲಹೆ ನೀಡುತ್ತಾರೆ.

ಎರಡನೆಯದು ಪ್ರಬಲ ಸ್ಟೀರಾಯ್ಡ್ ಇರುವ ಮಿಶ್ರ ಲೇಪನಗಳು. ಕೆಲವು ದಿನ ಮುಖ ಬೆಳ್ಳಗಾದಂತೆ ಕಂಡರೂ ಇವು ಚರ್ಮವನ್ನು ತೆಳ್ಳಗೆ ಮಾಡುತ್ತವೆ, ಮೊಡವೆ ಮತ್ತು ಕೆಂಪು ತರುತ್ತವೆ. ಬಿಟ್ಟರೆ ಉರಿ, ಬಿಡದಿದ್ದರೆ ಹಾನಿ ಎಂಬ ಸ್ಥಿತಿಗೆ ಬಳಕೆದಾರರನ್ನು ತಳ್ಳುತ್ತವೆ. ಗರ್ಭಾವಸ್ಥೆಯಲ್ಲಿ ಪ್ರಬಲ ಸ್ಟೀರಾಯ್ಡ್ ಲೇಪನವನ್ನು ಹೆಚ್ಚು ಪ್ರಮಾಣದಲ್ಲಿ ಬಳಸಿದರೆ ಹುಟ್ಟುವ ಮಗುವಿನ ತೂಕ ಕಡಿಮೆಯಾಗುವ ಸಾಧ್ಯತೆಯನ್ನು ಅಧ್ಯಯನಗಳು ಸೂಚಿಸಿವೆ. 2018ರಲ್ಲಿ ಭಾರತ ಸರ್ಕಾರ ಇಂತಹ ಹಲವು ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು.

ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು, ಪಾದರಸ. ಟೈರೊಸಿನೇಸ್‌ನಲ್ಲಿರುವ ತಾಮ್ರದ ಸ್ಥಾನಕ್ಕೆ ನುಗ್ಗಿ ಪಾದರಸ ಆ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಆದ್ದರಿಂದಲೇ ಬಿಳಿ ಮಾಡುವ ಅಗ್ಗದ ಲೇಪನಗಳಲ್ಲಿ ಅದನ್ನು ಕದ್ದು ಸೇರಿಸುತ್ತಾರೆ. ಇದು ಚರ್ಮದ ಮೂಲಕ ದೇಹ ಸೇರಿ ಮೂತ್ರಪಿಂಡಗಳಲ್ಲಿ ಸಂಗ್ರಹವಾಗುತ್ತದೆ. ಮಾಸನ್ನು ದಾಟಿ ಭ್ರೂಣವನ್ನೂ ತಲುಪಬಲ್ಲದು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರವರೆಗಿನ ಅವಧಿಯಲ್ಲಿ ಒಂದು ಬಗೆಯ ಮೂತ್ರಪಿಂಡ ರೋಗಕ್ಕೆ ತುತ್ತಾದ 22 ಮಂದಿಯನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಯಲ್ಲಿ ರೋಗದ ಒಂದು ಅಪರೂಪದ ರೂಪವಿತ್ತು. ಆ 15ರಲ್ಲಿ 13 ಮಂದಿ ಮೈ ಬಿಳಿ ಮಾಡುವ ಲೇಪನ ಬಳಸಿದ್ದವರು! ಮಿನಮಾಟ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಪಾದರಸವಿರುವ ಸೌಂದರ್ಯ ಸಾಮಗ್ರಿಗಳ ತಯಾರಿಕೆ 2020ರೊಳಗೆ ನಿಲ್ಲಬೇಕಿತ್ತು. ತಯಾರಕರ ಹೆಸರು, ವಿಳಾಸ, ಒಳಗಿರುವ ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಗಳನ್ನು ಕೊಳ್ಳಲೇಬಾರದು.

ಹೊಟ್ಟೆಯ ಮೇಲಿನ ಬರೆಗಳು

ಗರ್ಭ ಧರಿಸುವ ಮೊದಲು ಗರ್ಭಕೋಶದ ತೂಕ ಸುಮಾರು 70 ಗ್ರಾಮ್. ಒಂಬತ್ತನೆಯ ತಿಂಗಳಿನಲ್ಲಿ, ಮಗುವಿನ ತೂಕ ಬಿಟ್ಟು, ಗರ್ಭಕೋಶವೊಂದೇ ಸುಮಾರು ಒಂದು ಕಿಲೋಗ್ರಾಮ್ ತೂಗುತ್ತದೆ. ಮಗು, ಮಾಸು, ಗರ್ಭಜಲಗಳಿಗೆಲ್ಲ ಎಡೆ ಮಾಡಿಕೊಡಲು ಹೊಟ್ಟೆಯ ಚರ್ಮ ಹಿಗ್ಗಲೇಬೇಕು. ಆರನೆಯ ತಿಂಗಳ ನಂತರ ಹೊಟ್ಟೆ, ಸ್ತನ, ತೊಡೆ, ಸೊಂಟದ ಬದಿಗಳಲ್ಲಿ ನಸುಗೆಂಪು ಅಥವಾ ನೇರಳೆ ಬಣ್ಣದ ಬರೆಗಳು ಕಾಣಿಸಿಕೊಳ್ಳುತ್ತವೆ. ವಿವಿಧ ಅಧ್ಯಯನಗಳ ಪ್ರಕಾರ ಗರ್ಭಿಣಿಯರಲ್ಲಿ ಶೇ. 50ರಿಂದ 90ರಷ್ಟು ಮಂದಿಗೆ ಇವು ಬರುತ್ತವೆ.

ಬರೆ ಮೂಡುವುದು ಮೇಲಿನ ಪದರದಲ್ಲಲ್ಲ, ಒಳಚರ್ಮದಲ್ಲಿ. ಅಲ್ಲಿನ ನಾರುಗಳ ಹೆಣಿಗೆ ಕಿತ್ತುಹೋಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಹೊಸದಾಗಿ ಮೂಡಿದ ಬರೆಗಳ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2015ರಲ್ಲಿ ವರದಿ ಮಾಡಿದರು. ಅಲ್ಲಿ ಎಲಾಸ್ಟಿನ್ ನಾರುಗಳ ಜಾಲ ಛಿದ್ರವಾಗಿತ್ತು. ದೇಹ ಹೊಸ ಎಲಾಸ್ಟಿನ್ ಎಳೆಗಳನ್ನು ತಯಾರಿಸಲು ಯತ್ನಿಸಿತ್ತಾದರೂ ಅವು ಅಸ್ತವ್ಯಸ್ತವಾಗಿದ್ದು ಮೊದಲಿನ ಜಾಲ ಮತ್ತೆ ಕೂಡಿಕೊಂಡಿರಲಿಲ್ಲ.

ಹಿಗ್ಗುವಿಕೆಯೊಂದೇ ಕಾರಣವಾಗಿದ್ದರೆ ಎಲ್ಲ ಗರ್ಭಿಣಿಯರಿಗೂ ಬರೆ ಬರಬೇಕಿತ್ತು. ಹಾಗಾಗುವುದಿಲ್ಲ. ತಾಯಿಗೆ ಅಥವಾ ಅಕ್ಕನಿಗೆ ಬಂದಿದ್ದರೆ, ಗರ್ಭಿಣಿ ಚಿಕ್ಕ ವಯಸ್ಸಿನವಳಾಗಿದ್ದರೆ, ತೂಕ ಹೆಚ್ಚು ಏರಿದ್ದರೆ, ಮಗು ದೊಡ್ಡದಿದ್ದರೆ ಬರೆಗಳ ಸಂಭವ ಹೆಚ್ಚು. ಹಾರ್ಮೋನುಗಳ ಪಾತ್ರವೂ ಇದೆ. ಕಾರ್ಟಿಸಾಲ್ ವಿಪರೀತ ಹೆಚ್ಚುವ ಕುಶಿಂಗ್ ರೋಗದಲ್ಲಿ, ಗರ್ಭವಿಲ್ಲದವರಲ್ಲೂ ಗಂಡಸರಲ್ಲೂ, ಇಂಥದೇ ಬರೆಗಳು ಬರುವುದನ್ನು ಗಮನಿಸಬಹುದು.

ಕೆರೆದುಕೊಂಡರೆ ಬರೆ ಬೀಳುತ್ತದೆ ಎಂಬ ಮಾತು ನಮ್ಮಲ್ಲಿ ಪ್ರಚಾರದಲ್ಲಿದೆ. ನಿಜವಾಗಿ ಚರ್ಮ ಹಿಗ್ಗಿ ಒಣಗಿದಾಗ ತುರಿಕೆಯೂ ಆಗುತ್ತದೆ, ಬರೆಯೂ ಬರುತ್ತದೆ. ಎರಡೂ ಒಂದೇ ಸಮಯಕ್ಕೆ ಬರುವುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ತೋರುತ್ತದೆ. ಬರೆ ಬಾರದಂತೆ ಹಚ್ಚುವ ಲೇಪನಗಳ ಬಗ್ಗೆ ನಡೆದಿದ್ದ 6 ಪ್ರಯೋಗಗಳನ್ನು, ಒಟ್ಟು 800 ಮಹಿಳೆಯರ ಮಾಹಿತಿಯೊಡನೆ, ಕಾಕ್ರೇನ್ ಸಂಸ್ಥೆ 2012ರಲ್ಲಿ ವಿಮರ್ಶಿಸಿತು. ಅವುಗಳಲ್ಲಿ ಯಾವ ಲೇಪನವೂ ಬರೆಗಳನ್ನು ತಡೆಯುತ್ತದೆ ಎನ್ನಲು ಗಟ್ಟಿಯಾದ ಆಧಾರ ಸಿಗಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಒಣ ಚರ್ಮದ ತುರಿಕೆ ಶಮನವಾಗುತ್ತದೆ. ಅದಕ್ಕಾಗಿ ಹಚ್ಚಬಹುದು. ಬರೆಗಳು ಕಾಲಕ್ರಮದಲ್ಲಿ ಕೆಂಪು ಕಳೆದುಕೊಂಡು ಬೆಳ್ಳಗೆ, ತೆಳ್ಳಗೆ ಆಗುತ್ತವೆ. ಪೂರ್ತಿ ಅಳಿಸಿಹೋಗುವುದಿಲ್ಲ.

ರಕ್ತನಾಳಗಳಲ್ಲಿ ಆಗುವ ಬದಲಾವಣೆ

ಗರ್ಭಿಣಿಯ ದೇಹದಲ್ಲಿ ರಕ್ತದ ಗಾತ್ರ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಈಸ್ಟ್ರೊಜೆನ್‌ನ ಪ್ರಭಾವದಿಂದ ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹೊಸ ನಾಳಗಳೂ ಹುಟ್ಟುತ್ತವೆ. ಮುಖ, ಕತ್ತು, ತೋಳುಗಳ ಮೇಲೆ ಜೇಡದ ಆಕಾರದ ಕೆಂಪು ಚುಕ್ಕೆಗಳು ಕಾಣಿಸುವುದುಂಟು. ನಡುವೆ ಒಂದು ಸಣ್ಣ ಅಪಧಮನಿ, ಅದರಿಂದ ಸುತ್ತಲೂ ಹೊರಡುವ ಲೋಮನಾಳಗಳು. ನಡುವಿನ ಚುಕ್ಕೆಯನ್ನು ಒತ್ತಿದರೆ ಕಾಲುಗಳೆಲ್ಲ ಮಾಯವಾಗುತ್ತವೆ. ಬಿಟ್ಟರೆ ರಕ್ತ ನಡುವಿನಿಂದ ಹೊರಕ್ಕೆ ಹರಿದು ಮತ್ತೆ ತುಂಬುತ್ತದೆ. ಕೆಲವರಲ್ಲಿ ಅಂಗೈ ಕೆಂಪಾಗುತ್ತದೆ. ತಿಳಿ ಬಣ್ಣದ ಚರ್ಮದವರಲ್ಲಿ ಇವು ಸುಲಭವಾಗಿ ಕಾಣುತ್ತವೆ, ಗಾಢ ಬಣ್ಣದವರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹೆರಿಗೆಯಾಗಿ ಮೂರು ತಿಂಗಳೊಳಗೆ ಜೇಡಚುಕ್ಕೆಗಳಲ್ಲಿ ಬಹುಪಾಲು ಮರೆಯಾಗುತ್ತವೆ.

ಯಕೃತ್ತಿನ ಸಿರೋಸಿಸ್ ರೋಗದಲ್ಲೂ ಜೇಡಚುಕ್ಕೆ ಮತ್ತು ಕೆಂಪು ಅಂಗೈ ಕಾಣಿಸಿಕೊಳ್ಳುತ್ತವೆ. ರೋಗಪೀಡಿತ ಯಕೃತ್ತು ಈಸ್ಟ್ರೊಜೆನ್ನನ್ನು ಸರಿಯಾಗಿ ವಿಘಟಿಸಲಾರದೆ ಅದರ ಮಟ್ಟ ಏರುವುದು ಇದಕ್ಕೆ ಮುಖ್ಯ ಕಾರಣ. ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ಒಂದೇ ಚಿಹ್ನೆ ಕಂಡುಬರಲು ಒಂದೇ ಹಾರ್ಮೋನು ಕಾರಣವಾಗಿರುವುದು ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಅಂಗೈ ಕೆಂಪಗಿದೆ, ಮುಖದಲ್ಲಿ ಕಳೆ ಇದೆ ಎಂದ ಮಾತ್ರಕ್ಕೆ ರಕ್ತಹೀನತೆ ಇಲ್ಲವೆಂದು ತೀರ್ಮಾನಿಸಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅದನ್ನು ನಿರ್ಧರಿಸಬೇಕಾದದ್ದು ಹಿಮೊಗ್ಲೋಬಿನ್ ಪರೀಕ್ಷೆಯಿಂದ. 100 ಮಿಲಿಲೀಟರ್ ರಕ್ತದಲ್ಲಿ 11 ಗ್ರಾಮ್‌ಗಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆ ಇದೆ ಎಂದರ್ಥ.

ಬೆಳೆದ ಗರ್ಭಕೋಶ ಹೊಟ್ಟೆಯೊಳಗಿನ ದೊಡ್ಡ ಅಭಿಧಮನಿಗಳನ್ನು ಒತ್ತುವುದರಿಂದ ಕಾಲಿನಿಂದ ರಕ್ತ ಮೇಲೇರುವುದು ನಿಧಾನವಾಗುತ್ತದೆ. ಇದರಿಂದ ಸಂಜೆಯ ಹೊತ್ತಿಗೆ ಪಾದ ಊದುವುದು, ಕಾಲಿನ ನರ ಉಬ್ಬುವುದು, ಮೂಲವ್ಯಾಧಿ ಕಾಣಿಸುವುದು ಸಾಮಾನ್ಯ. ಎಡ ಮಗ್ಗುಲಾಗಿ ಮಲಗುವುದು, ಕಾಲನ್ನು ಎತ್ತರದಲ್ಲಿಟ್ಟು ಕೂರುವುದು ಇದಕ್ಕೆ ಸರಳ ಪರಿಹಾರ. ವಸಡು ಊದಿ, ಹಲ್ಲುಜ್ಜುವಾಗ ರಕ್ತ ಬರುವುದೂ ಇದೇ ಗುಂಪಿಗೆ ಸೇರಿದ್ದು. ಹಾಗೆಂದು ಹಲ್ಲುಜ್ಜುವುದನ್ನು ಬಿಡಬಾರದು.

ಗ್ರಂಥಿಗಳು

ಬೆವರಿನ ಗ್ರಂಥಿಗಳು ಹೆಚ್ಚು ಚುರುಕಾಗುವುದರಿಂದ ಬೆವರೂ ಬೆವರುಸಾಲೆಯೂ ಹೆಚ್ಚುತ್ತವೆ. ಜಿಡ್ಡಿನ ಗ್ರಂಥಿಗಳ ಚಟುವಟಿಕೆ ಹೆಚ್ಚಿ ಕೆಲವರಿಗೆ ಮೊಡವೆ ಬರುತ್ತದೆ. ಕೆಲವರಲ್ಲಿ ಇದ್ದ ಮೊಡವೆಯೇ ಕಡಿಮೆಯಾಗುವುದೂ ಉಂಟು. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಎಂಬ ಔಷಧ ಭ್ರೂಣದಲ್ಲಿ ತೀವ್ರ ಅಂಗವಿಕಲತೆ ಉಂಟುಮಾಡುತ್ತದೆ. ಟೆಟ್ರಾಸೈಕ್ಲಿನ್ ಮಗುವಿನ ಹಲ್ಲಿನ ಬಣ್ಣ ಕೆಡಿಸುತ್ತದೆ. ಆದ್ದರಿಂದ ಮೊದಲು ಬಳಸುತ್ತಿದ್ದ ಚರ್ಮದ ಔಷಧ ಯಾವುದಿದ್ದರೂ, ಗರ್ಭಿಣಿಯಾದೊಡನೆ ವೈದ್ಯರಿಗೆ ತಿಳಿಸಬೇಕು.

ಮೊಲೆತೊಟ್ಟಿನ ಸುತ್ತಲಿನ ವಲಯದಲ್ಲಿ ಮೂಡುವ ಸಣ್ಣ ಗುಬುಟುಗಳು ಸಹ ಗ್ರಂಥಿಗಳೇ. ಐರ್ಲೆಂಡಿನ ಪ್ರಸೂತಿ ತಜ್ಞ ವಿಲಿಯಂ ಫೆದರ್‌ಸ್ಟನ್ ಮಾಂಟ್‌ಗೊಮರಿ 1837ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಗರ್ಭಾವಸ್ಥೆಯ ಲಕ್ಷಣಗಳಲ್ಲಿ ಒಂದಾಗಿ ಇವನ್ನು ವರ್ಣಿಸಿದರು. ರಕ್ತ, ಮೂತ್ರಗಳ ಹಾರ್ಮೋನ್ ಪರೀಕ್ಷೆಯಾಗಲಿ ಅಲ್ಟ್ರಾಸೌಂಡ್ ಆಗಲಿ ಇಲ್ಲದ ಆ ಕಾಲದಲ್ಲಿ, ಚರ್ಮದ ಬದಲಾವಣೆಗಳನ್ನು ನೋಡಿಯೇ ವೈದ್ಯರು ಗರ್ಭವನ್ನು ಊಹಿಸಬೇಕಿತ್ತು. ಇಂದಿಗೂ ಈ ಗುಬುಟುಗಳಿಗೆ ಅವರ ಹೆಸರಿದೆ. ಇವುಗಳ ಸ್ರಾವ ತೊಟ್ಟಿನ ಚರ್ಮ ಒಣಗಿ ಬಿರಿಯದಂತೆ ಕಾಪಾಡುತ್ತದೆ. ಇವನ್ನು ಹಿಸುಕಬಾರದು.

ಕೂದಲಿನ ಲೆಕ್ಕ

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿವೆ. ಯಾವುದೇ ಸಮಯದಲ್ಲಿ ಇವುಗಳಲ್ಲಿ ಶೇ. 85ರಿಂದ 90ರಷ್ಟು ಬೆಳೆಯುವ ಹಂತದಲ್ಲಿದ್ದು, ಉಳಿದವು ವಿಶ್ರಾಂತಿಯ ಹಂತದಲ್ಲಿರುತ್ತವೆ. ವಿಶ್ರಾಂತಿ ಸುಮಾರು 100 ದಿನ. ಅದು ಮುಗಿದ ಮೇಲೆ ಕೂದಲು ಉದುರುತ್ತದೆ. ಶೇ. 10ರಷ್ಟು, ಅಂದರೆ 10,000 ಕೂದಲು ವಿಶ್ರಾಂತಿಯಲ್ಲಿದ್ದರೆ, ದಿನಕ್ಕೆ ಉದುರುವುದು 10,000 ÷ 100 = 100. ದಿನಕ್ಕೆ ನೂರರವರೆಗೆ ಕೂದಲು ಉದುರುವುದು ಸಹಜ ಎನ್ನುವುದರ ಹಿಂದಿನ ಲೆಕ್ಕ ಇದು.

ಗರ್ಭಾವಸ್ಥೆಯಲ್ಲಿ ಕೂದಲಿನ ಬೆಳೆಯುವ ಹಂತ ದೀರ್ಘವಾಗುತ್ತದೆ. ಯೆಲ್ವ ಲಿನ್‌ಫೀಲ್ಡ್ ಎಂಬ ವೈದ್ಯೆ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭದ ಕೊನೆಯ ತಿಂಗಳುಗಳಲ್ಲಿ ಸುಮಾರು ಶೇ. 95ರಷ್ಟು ಕೂದಲು ಬೆಳೆಯುವ ಹಂತದಲ್ಲೇ ಇದ್ದುದು ಕಂಡುಬಂದಿತು. ಹೆರಿಗೆಯಾದ ಕೆಲವು ವಾರಗಳಲ್ಲಿ ಈ ಪ್ರಮಾಣ ಸುಮಾರು ಮುಕ್ಕಾಲು ಭಾಗಕ್ಕೆ ಇಳಿದಿತ್ತು. ಮೇಲಿನ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸಿದರೆ, ಗರ್ಭಿಣಿಯಲ್ಲಿ ದಿನಕ್ಕೆ ಸುಮಾರು 50 ಕೂದಲು ಉದುರುತ್ತವೆ, ಬಾಣಂತಿಯಲ್ಲಿ ಸುಮಾರು 250! ಬಸಿರಿನಲ್ಲಿ ಉದುರದೆ ಉಳಿದಿದ್ದ ಕೂದಲು ಈಗ ಒಟ್ಟಿಗೆ ಉದುರುತ್ತದೆ, ಅಷ್ಟೆ. ಬೋಳಾಗುವ ಭಯ ಬೇಡ. ಆರರಿಂದ ಹದಿನೈದು ತಿಂಗಳೊಳಗೆ ಕೂದಲು ಮೊದಲಿನ ಸ್ಥಿತಿಗೆ ಬರುತ್ತದೆ.

'ಮಗು ತಾಯಿಯ ಮುಖ ನೋಡಿ ನಗತೊಡಗಿದರೆ ತಾಯಿಯ ಕೂದಲು ಉದುರುತ್ತದೆ' ಎನ್ನುವವರುಂಟು. ಇದನ್ನು ಹೇಳಿದವರು ಒಳ್ಳೆಯ ವೀಕ್ಷಕರೇ. ಮಗು ಮುಖ ಗುರುತಿಸಿ ನಗುವುದು ಆರರಿಂದ ಎಂಟನೆಯ ವಾರದ ಹೊತ್ತಿಗೆ. ಕೂದಲು ಉದುರುವುದು ಕಣ್ಣಿಗೆ ಬೀಳುವುದು ಎರಡರಿಂದ ನಾಲ್ಕನೆಯ ತಿಂಗಳಲ್ಲಿ. ಎರಡೂ ಕಾಲಮಾಪನ ಹೆರಿಗೆಯ ದಿನದಿಂದಲೇ ಶುರುವಾಗುವುದರಿಂದ ಒಂದರ ಹಿಂದೆ ಒಂದು ಬರುತ್ತವೆ. ಕಾಲದ ಹೊಂದಾಣಿಕೆ ಇದೆ. ಕಾರ್ಯಕಾರಣ ಸಂಬಂಧ ಇಲ್ಲ.

ಉಗುರುಗಳು ಕೆಲವರಲ್ಲಿ ಬೇಗ ಬೆಳೆಯುತ್ತವೆ, ಕೆಲವರಲ್ಲಿ ಪೆಡಸಾಗಿ ಬೇಗ ಮುರಿಯುತ್ತವೆ. ಮುಖದ ಮೇಲೆ ನವಿರು ಕೂದಲು ಹೆಚ್ಚುವುದೂ ಉಂಟು. ಇವೂ ತಾತ್ಕಾಲಿಕ.

ಬಣ್ಣ ನೋಡಿ ಭವಿಷ್ಯ ಹೇಳುವುದು

ಹೊಟ್ಟೆಯ ಗೆರೆ ಹೊಕ್ಕುಳನ್ನು ದಾಟಿದರೆ ಗಂಡು, ದಾಟದಿದ್ದರೆ ಹೆಣ್ಣು. ಮುಖ ಕಪ್ಪಿಟ್ಟರೆ ಇಂಥ ಮಗು, ಹೊಳೆದರೆ ಇಂಥ ಮಗು ಎಂಬ ಮಾತುಗಳಿವೆ. ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯ ವೀರ್ಯಾಣು ತರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ, ಅದೂ ಗರ್ಭ ಕಟ್ಟುವ ಕ್ಷಣದಲ್ಲಿ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್‌ಗಳನ್ನು ಮಾಸು ತಯಾರಿಸುವುದು ಗಂಡು, ಹೆಣ್ಣು ಎರಡೂ ಬಸಿರುಗಳಲ್ಲಿ. ಆದ್ದರಿಂದ ತಾಯಿಯ ಹೊಟ್ಟೆಯ ಗೆರೆಯಿಂದ ಮಗುವಿನ ಲಿಂಗ ತಿಳಿಯಲು ಸಾಧ್ಯವಿಲ್ಲ. ಈ ಮಾತುಗಳು ತಮಾಷೆಯಾಗಿ ಕಂಡರೂ ಹೆಣ್ಣುಮಗು ಬೇಡವೆನ್ನುವ ಮನೆಯಲ್ಲಿ ಗರ್ಭಿಣಿಯ ನೆಮ್ಮದಿಯನ್ನು ಕೆಡಿಸುತ್ತವೆ.

ಕೇಸರಿ ಹಾಕಿದ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬುದೂ ಇಂಥದೇ ನಂಬಿಕೆ. ಕಪ್ಪು ಬಣ್ಣದವರಲ್ಲೂ ಬಿಳಿ ಬಣ್ಣದವರಲ್ಲೂ ವರ್ಣಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಕಣಗಳ ಬಗೆ, ಗಾತ್ರ, ಪ್ರಮಾಣಗಳಲ್ಲಿ ವ್ಯತ್ಯಾಸ. ಅದನ್ನು ನಿರ್ಧರಿಸುವುದು ತಂದೆತಾಯಿಗಳಿಂದ ಬಂದ ಹಲವು ಜೀನ್‌ಗಳು. ಹಾಲಿನಿಂದ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ದೊರೆಯುತ್ತದೆ. ಬಣ್ಣದ ಮೇಲೆ ಕೇಸರಿಯ ಪ್ರಭಾವ ಏನೂ ಇಲ್ಲ.

ಯಾವುದು ಸಹಜವಲ್ಲ?

ಕೆಳಗಿನ ಲಕ್ಷಣಗಳು ಕಂಡುಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

1. ಚರ್ಮದ ಮೇಲೆ ಗುಳ್ಳೆ, ಗಂಧೆ ಏನೂ ಇಲ್ಲದೆ ತೀವ್ರ ತುರಿಕೆ. ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಅಂಗೈ ಅಂಗಾಲುಗಳಲ್ಲಿ ಹೆಚ್ಚಾಗಿ, ರಾತ್ರಿ ನಿದ್ದೆಗೆಡಿಸುವ ತುರಿಕೆ. ಯಕೃತ್ತಿನಿಂದ ಪಿತ್ತರಸ ಸರಾಗವಾಗಿ ಹರಿಯದೆ ಪಿತ್ತಾಮ್ಲಗಳು ರಕ್ತದಲ್ಲಿ ಸೇರುವ ರೋಗ ಇದಾಗಿರಬಹುದು. ಪಿತ್ತಾಮ್ಲಗಳ ಮಟ್ಟ ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದರೆ ಮಗು ಗರ್ಭದಲ್ಲೇ ಸಾಯುವ ಅಪಾಯ ಹೆಚ್ಚುತ್ತದೆ ಎಂದು 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ತೋರಿಸಿತು. ಒಂದು ರಕ್ತಪರೀಕ್ಷೆಯಿಂದ ಇದನ್ನು ಪತ್ತೆ ಹಚ್ಚಬಹುದು.

2. ಮುಖ, ಕೈಗಳು ಇದ್ದಕ್ಕಿದ್ದಂತೆ ಊದುವುದು. ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು. ಇದು ರಕ್ತದೊತ್ತಡ ಏರುವ ಪ್ರಿಎಕ್ಲಾಂಪ್ಸಿಯದ ಸೂಚನೆ.

3. ಹೊಕ್ಕುಳಿನ ಸುತ್ತ ಆರಂಭವಾಗಿ ಹರಡುವ ನೀರು ತುಂಬಿದ ಗುಳ್ಳೆಗಳು. ಇದು ಅಪರೂಪದ, ಆದರೆ ಚಿಕಿತ್ಸೆ ಬೇಕಾದ ರೋಗ. ಬರೆಗಳ ಮೇಲೆ ಶುರುವಾಗಿ ಹೊಕ್ಕುಳನ್ನು ಬಿಟ್ಟು ಹರಡುವ ತುರಿಕೆಯ ಗಂಧೆಗಳಿಂದ ಮಗುವಿಗೆ ತೊಂದರೆಯಿಲ್ಲ. ಆದರೂ ಯಾವುದು ಯಾವುದೆಂದು ವೈದ್ಯರೇ ಹೇಳಬೇಕು.

4. ಕಣ್ಣು, ಮೈ ಹಳದಿಯಾಗುವುದು. ಗರ್ಭಾವಸ್ಥೆಯಲ್ಲಿ ಕಾಮಾಲೆ ಎಂದೂ ಸಹಜವಲ್ಲ.

5. ಸ್ಪರ್ಶ ತಿಳಿಯದ, ತಿಳಿ ಬಣ್ಣದ ಮಚ್ಚೆ. ಇದು ಕುಷ್ಠರೋಗದ ಚಿಹ್ನೆಯಾಗಿರಬಹುದು. ಔಷಧದಿಂದ ಪೂರ್ತಿ ಗುಣವಾಗುತ್ತದೆ.

6. ಒಂದೇ ಮಚ್ಚೆ ವೇಗವಾಗಿ ಬೆಳೆಯುವುದು, ಅಂಚು ಅಂಕುಡೊಂಕಾಗುವುದು, ರಕ್ತ ಒಸರುವುದು.

7. ಒಂದೇ ಕಾಲು ಊದಿ, ಕೆಂಪಾಗಿ, ನೋಯುವುದು. ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು.

ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗ ತೂಕ, ರಕ್ತದೊತ್ತಡಗಳ ಜೊತೆಗೆ ಚರ್ಮದ ತೊಂದರೆಯನ್ನೂ ಹೇಳಿಕೊಳ್ಳಬೇಕು. ತುರಿಕೆಯಂಥ ಸಣ್ಣ ವಿಷಯಕ್ಕೆ ಡಾಕ್ಟರನ್ನು ಕೇಳುವುದೇ ಎಂಬ ಸಂಕೋಚ ಬೇಡ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಹೇಳಿದರೂ ಆದೀತು.

ಪ್ರೌಢಶಾಲೆ, ಕಾಲೇಜುಗಳಲ್ಲಿ ಹಾರ್ಮೋನುಗಳ ಪಾಠ ಬಂದಾಗ ಶಿಕ್ಷಕರು ಈ ಉದಾಹರಣೆಗಳನ್ನು ಬಳಸಿಕೊಳ್ಳಬಹುದು. ಗ್ರಾಹಕ ಎಂದರೇನು, ಕಿಣ್ವವನ್ನು ತಡೆಯುವುದು ಎಂದರೇನು, ಎರಡು ಘಟನೆಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುತ್ತದೆಯೇ ಎಂಬ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರವಿದೆ. ಕೂದಲಿನ ಲೆಕ್ಕವನ್ನು ಮಕ್ಕಳೇ ಮಾಡಬಹುದು. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಗರ್ಭಿಣಿಯಾಗಿರುವ ವಿದ್ಯಾರ್ಥಿ, ತರಗತಿಯಲ್ಲಿ ಕೇಳಿದ ಎರಡು ಮಾತುಗಳನ್ನು ಮನೆಗೆ ಒಯ್ದರೆ ಸಾಕು: ಬಂಗಿಗೆ ಗುರುತು ಪರಿಚಯವಿಲ್ಲದ ಡಬ್ಬಿಯ ಲೇಪನ ಬೇಡ, ಅಂಗೈ ಅಂಗಾಲು ತುರಿಸುತ್ತಿದ್ದರೆ ಆಸ್ಪತ್ರೆಗೆ ಹೋಗುವುದು ನಾಳೆಗೆ ಬೇಡ.